ಹಿಂಗಾರಿಗೆ ಮುನ್ನ ಸಂಪು ಸಜ್ಜಾಗಲಿ

ಬೆಂಗಳೂರು, ಮೈಸೂರು ಕಡೆಯಿಂದ ಬಂದು ಚೆನ್ನೈಯಲ್ಲಿ ಮನೆ ಮಾಡಿದವರಿಗೆ ಇಲ್ಲಿನ ಮಳೆಯ ಲೆಕ್ಕ ಹಿಡಿಯಲು ಒಂದೆರಡು ವರ್ಷ ಬೇಕಾಗುತ್ತದೆ. ಊರಲ್ಲಿ ಮುಂಗಾರು ಮುಗಿದು ಛತ್ರಿ ಎತ್ತಿಡುವ ಹೊತ್ತಿಗೆ ಇಲ್ಲಿ ನಿಜವಾದ ಮಳೆಗಾಲ ಶುರು. ವರ್ಷಕ್ಕೆ ಸುಮಾರು 1,400 ಮಿ.ಮೀ. ಮಳೆ ಬೀಳುವ ಈ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲೇ. 2015ರ ಮಹಾಪ್ರವಾಹ ನವೆಂಬರ್–ಡಿಸೆಂಬರ್‌ನಲ್ಲಿ ಬಂತು. 2023ರ ಮಿಚಾಂಗ್ ಚಂಡಮಾರುತ ಡಿಸೆಂಬರ್‌ನಲ್ಲಿ.

ಚೆನ್ನೈಯ ಕೀಲ್ಪಾಕ್ ಬಡಾವಣೆಯವರಿಗೆ ಒಳ್ಳೆಯ ನೀರು ಹೊಸದಲ್ಲ. ರೆಡ್‌ಹಿಲ್ಸ್ ಕೆರೆಯ ನೀರನ್ನು ಶುದ್ಧೀಕರಿಸಲು ಇಲ್ಲಿನ ವಾಟರ್ ವರ್ಕ್ಸ್ ಶುರುವಾದದ್ದು 1914ರಲ್ಲಿ. ಆದರೆ ಗೇಟಿನವರೆಗೆ ಶುದ್ಧವಾಗಿ ಬಂದ ನೀರು ನೆಲದಡಿಯ ಸಂಪಿಗೆ ಇಳಿದ ಮೇಲೆ ಅದರ ಜವಾಬ್ದಾರಿ ನಮ್ಮದೇ. ಬಡಾವಣೆಯ ಉತ್ತರಕ್ಕೆ ಓಟ್ಟೇರಿ ನಾಲೆ, ದಕ್ಷಿಣಕ್ಕೆ ಕೂವಂ ನದಿ. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತರೆ, ಹೊಸಿಲು ದಾಟುವ ಮೊದಲೇ ಅದು ಸಂಪಿನ ಮುಚ್ಚಳದ ಸಂದಿಯಿಂದ ಒಳಗಿಳಿದಿರುತ್ತದೆ.

ಕೆನಡಾ, ಅಮೆರಿಕದ ಉತ್ತರ ಭಾಗಗಳಲ್ಲಿ ಪ್ರವಾಸದ ಟ್ರೇಲರ್ ಇಟ್ಟುಕೊಂಡವರು ಚಳಿಗಾಲಕ್ಕೆ ಮುಂಚೆ ಅದರ ಟ್ಯಾಂಕು, ಕೊಳವೆಗಳನ್ನೆಲ್ಲ ಹನಿ ನೀರಿಲ್ಲದಂತೆ ಬರಿದು ಮಾಡುತ್ತಾರೆ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗಿ ಕೊಳವೆಯನ್ನೇ ಸೀಳುತ್ತದೆ ಎಂಬ ಭಯ ಅವರದು. ನಮ್ಮದು ತದ್ವಿರುದ್ಧ: ತೊಳೆದು, ಬಿಗಿಮಾಡಿ, ತುಂಬಿಡಬೇಕು. ಆಯುಧಪೂಜೆಗೆ ಮೋಟರ್‌ಗೆ ಕುಂಕುಮ ಹಚ್ಚುವ ಮೊದಲೇ ಈ ಕೆಲಸಗಳನ್ನು ಮುಗಿಸಿಕೊಂಡರೆ ನೆಮ್ಮದಿ.

1. ಸಂಪು ತೊಳೆಸಿ

ನೀರು ತಳಮಟ್ಟಕ್ಕೆ ಇಳಿದ ದಿನ ನೋಡಿ ಕೆಲಸಕ್ಕೆ ಕೈಹಾಕಿ. ಮುಚ್ಚಳ ತೆಗೆದ ಕೂಡಲೇ ಯಾರೂ ಇಳಿಯಬಾರದು. ಮುಚ್ಚಿದ ಸಂಪಿನೊಳಗೆ ಉಸಿರಾಟಕ್ಕೆ ಬೇಕಾದಷ್ಟು ಗಾಳಿ ಇರದಿರಬಹುದು. ಬಹಳ ಹೊತ್ತು ತೆರೆದಿಟ್ಟು, ಮೇಲಿನಿಂದ ಫ್ಯಾನ್ ಗಾಳಿ ಬಿಟ್ಟು, ಒಬ್ಬರನ್ನು ಬಾಯಿಯ ಬಳಿ ನಿಲ್ಲಿಸಿಯೇ ಇನ್ನೊಬ್ಬರನ್ನು ಇಳಿಸಿ. ಕೆಸರು ತೆಗೆದು, ಗೋಡೆ ಉಜ್ಜಿ, ಬ್ಲೀಚಿಂಗ್ ಪುಡಿ ಕದಡಿದ ನೀರು ಬಳಿದು ಅರ್ಧ ಗಂಟೆಯ ನಂತರ ತೊಳೆಯಿರಿ. ಬ್ಲೀಚಿಂಗ್ ಪುಡಿಯ ಜೊತೆ ಬಾತ್‌ರೂಮ್ ಆ್ಯಸಿಡ್ ಎಂದಿಗೂ ಬೆರೆಸಬೇಡಿ; ವಿಷಾನಿಲ ಏಳುತ್ತದೆ.

2. ಸೋರಿಕೆ ಪರೀಕ್ಷಿಸಿ

ಸಂಪು ತುಂಬಿಸಿ, ಒಳಬರುವ ವಾಲ್ವ್ ಮುಚ್ಚಿ, ಮೋಟರ್ ಹಾಕದೆ ಬಿಡಿ. ರಾತ್ರಿ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಗೆರೆ ಎಳೆದು ಬೆಳಿಗ್ಗೆ ನೋಡಿ. ನೀರು ಗೆರೆಗಿಂತ ಇಳಿದಿದ್ದರೆ ಎಲ್ಲೋ ಬಿರುಕಿದೆ ಅಥವಾ ಪೈಪಿನ ಜಾಯಿಂಟು ಸಡಿಲವಾಗಿದೆ. ನೀರು ಹೊರಗೆ ಹೋಗುವ ದಾರಿಯಲ್ಲೇ ಕೊಳಚೆ ಒಳಗೂ ಬರುತ್ತದೆ. ಗೋಡೆ ಒಣಗಿದ್ದಾಗಲೇ ವಾಟರ್‌ಪ್ರೂಫ್ ಸಿಮೆಂಟ್ ಬಳಿಸಬೇಕು. ಮಳೆ ಶುರುವಾದ ಮೇಲೆ ಅದು ಕಚ್ಚುವುದಿಲ್ಲ.

3. ಮುಚ್ಚಳದ ಕಡೆ ಗಮನ

ಮುಚ್ಚಳ ಹಾಕಿ, ಸುತ್ತ ಒಂದು ಬಕೆಟ್ ನೀರು ಸುರಿದು, ಮತ್ತೆ ತೆಗೆದು ಟಾರ್ಚ್ ಬೆಳಕಿನಲ್ಲಿ ಅದರ ಕೆಳಬದಿಯ ಅಂಚನ್ನು ನೋಡಿ. ತೇವ ಕಂಡರೆ ರಬ್ಬರ್ ಬೀಡಿಂಗ್ ಬದಲಿಸಿ. ಅಂಗಳದ ಮಟ್ಟಕ್ಕೇ ಇರುವ ಬಾಯಿಗೆ ಸುತ್ತ ಇಟ್ಟಿಗೆ ಕಟ್ಟಿಸಿ, ಹಿಂದಿನ ಪ್ರವಾಹದ ಗುರುತಿಗಿಂತ ಎತ್ತರಿಸುವುದು ಶಾಶ್ವತ ಪರಿಹಾರ. ಓವರ್‌ಫ್ಲೋ ಪೈಪಿನ ತುದಿ ಚರಂಡಿಯ ಕಡೆ ತಗ್ಗಿನಲ್ಲಿದ್ದರೆ ನಾನ್‌ರಿಟರ್ನ್ ವಾಲ್ವ್ ಹಾಕಿಸಿ. ಗಾಳಿಕೊಳವೆಯನ್ನೂ ಎತ್ತರಿಸಿ, ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ನೀರಿನಲ್ಲೇ.

4. ಕೊಳಚೆ ಹಿಂದೆ ಉಕ್ಕದಂತೆ

ಬೀದಿಯ ಡ್ರೈನೇಜ್ ತುಂಬಿದಾಗ ನೆಲಮಹಡಿಯ ಬಚ್ಚಲಿನ ಜಾಲರಿಯಿಂದ ಕೊಳಚೆ ಮೇಲೆ ಬರುತ್ತದೆ. ಮನೆಯ ಕೊನೆಯ ಚೇಂಬರ್‌ನಲ್ಲಿ ನಾನ್‌ರಿಟರ್ನ್ ವಾಲ್ವ್ ಇದ್ದರೆ ಈ ಕಾಟ ಬಹುಪಾಲು ತಪ್ಪುತ್ತದೆ. ಅದಿಲ್ಲದಿದ್ದರೆ ಮರಳು ತುಂಬಿದ ಚೀಲಗಳನ್ನು ಸಿದ್ಧವಿಟ್ಟು, ನೀರು ಏರಿದಾಗ ಜಾಲರಿಯ ಮೇಲೆ ಹೇರಿ. ಚೇಂಬರ್ ಕಟ್ಟಿಕೊಂಡಿದ್ದರೆ ಒಳಗೆ ಮನುಷ್ಯರನ್ನು ಇಳಿಸಬೇಡಿ; ಮಲಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ಇದನ್ನು ನಿಷೇಧಿಸುತ್ತದೆ. ಯಂತ್ರವಿರುವವರನ್ನೇ ಕರೆಯಿಸಿ.

5. ಮೋಟರ್, ಮಳೆಕೊಯ್ಲು

ಮೋಟರ್‌ನ ಸ್ವಿಚ್‌ಬೋರ್ಡ್ ನೆಲದಿಂದ ಎತ್ತರದಲ್ಲಿರಲಿ. ಸೋರಿಕೆ ವಿದ್ಯುತ್ ತಡೆಯುವ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ತಮಿಳುನಾಡಿನಲ್ಲಿ 2003ರಿಂದ ಮಳೆಕೊಯ್ಲು ಕಡ್ಡಾಯವಾದ ಕಾರಣ ತಾರಸಿಯ ಕೊಳವೆ ಹಲವು ಮನೆಗಳಲ್ಲಿ ಬಾವಿಗೋ ಸಂಪಿಗೋ ಸೇರುತ್ತದೆ. ತಾರಸಿ ಗುಡಿಸಿ, ಸೋಸುಗುಂಡಿಯ ಜಲ್ಲಿ, ಮರಳು ತೊಳೆಸಿ. ಮೊದಲ ಒಂದೆರಡು ಮಳೆಯ ನೀರು ಹೊರಗೆ ಹರಿದುಹೋಗಲಿ.

6. ಚಂಡಮಾರುತದ ಮುನ್ಸೂಚನೆ ಬಂದಾಗ

ಸಂಪನ್ನೂ ಮೇಲಿನ ಟ್ಯಾಂಕನ್ನೂ ಕಂಠಮಟ್ಟ ತುಂಬಿಸಿ. ಕರೆಂಟು ಹೋದರೆ ಮೇಲಿನ ಟ್ಯಾಂಕೇ ಗತಿ ಎಂಬುದು ಒಂದು ಕಾರಣ. ಇನ್ನೊಂದನ್ನು ಹೆಚ್ಚಿನವರು ಯೋಚಿಸುವುದಿಲ್ಲ: ಸುತ್ತಲ ಮಣ್ಣು ನೀರು ಕುಡಿದು ತುಂಬಿದಾಗ ಖಾಲಿ ಸಂಪಿನ ಮೇಲೆ ಹೊರಗಿನಿಂದ ಒತ್ತಡ ಬೀಳುತ್ತದೆ. ಹೂತಿಟ್ಟ ಪ್ಲಾಸ್ಟಿಕ್ ಟ್ಯಾಂಕು ದೋಣಿಯಂತೆ ತೇಲಿ ಮೇಲೇಳಬಹುದು, ಕಾಂಕ್ರೀಟ್ ತಳ ಬಿರಿಯಬಹುದು. ತುಂಬಿದ ಸಂಪು ಆ ಒತ್ತಡಕ್ಕೆ ಎದುರು ನಿಲ್ಲುತ್ತದೆ, ಸಣ್ಣ ಬಿರುಕಿನಿಂದ ಕೊಳಚೆ ನುಗ್ಗುವುದೂ ಕಡಿಮೆಯಾಗುತ್ತದೆ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ಐದು ಲೀಟರ್ ಎಂದು ಹಿಡಿದರೂ ನಾಲ್ವರ ಮನೆಗೆ ಮೂರು ದಿನಕ್ಕೆ 60 ಲೀಟರ್. ಅಷ್ಟನ್ನು ಮುಚ್ಚಳವಿರುವ ಪಾತ್ರೆಗಳಲ್ಲಿ ಬೇರೆಯೇ ಹಿಡಿದಿಡಿ. ಅಂಗಳಕ್ಕೆ ನೀರು ಬಂದ ಕೂಡಲೇ ಮೋಟರ್‌ನ ಎಂಸಿಬಿ ಇಳಿಸಿ.

ಸಂಪಿಗೆ ಕೊಳಚೆ ನುಗ್ಗಿದ್ದರೆ

- ಮೋಟರ್ ಹಾಕಬೇಡಿ. ಹಾಕಿದರೆ ಮೇಲಿನ ಟ್ಯಾಂಕೂ ಮನೆಯ ಕೊಳವೆಗಳೂ ಕೆಡುತ್ತವೆ. ನೀರಿನಲ್ಲಿ ಮುಳುಗಿದ್ದ ಮೋಟರನ್ನು ಎಲೆಕ್ಟ್ರಿಷಿಯನ್ ನೋಡದೆ ಮುಟ್ಟಬೇಡಿ.
- ಬೀದಿಯ ನೀರು ಇಳಿದು, ಮಣ್ಣಿನ ತೇವ ತಗ್ಗಿದ ಮೇಲೆ ಸಂಪು ಬರಿದು ಮಾಡಿ ಉಜ್ಜಿ ತೊಳೆಯಿರಿ.
- ಮತ್ತೆ ನೀರು ತುಂಬಿಸಿ, 1,000 ಲೀಟರ್‌ಗೆ ಸುಮಾರು 150 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್‌ನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ನಾಲ್ಕು ಗಂಟೆ ಬಿಟ್ಟು, ಆ ನೀರನ್ನು ಬಳಸದೆ ಹೊರಹಾಕಿ. ತೆರೆದಿಟ್ಟ ಹಳೆಯ ಪ್ಯಾಕೆಟ್‌ನ ಪುಡಿ ಶಕ್ತಿ ಕಳೆದುಕೊಂಡಿರುತ್ತದೆ, ಹೊಸದನ್ನೇ ತನ್ನಿ.
- ಅನಂತರ ತುಂಬಿಸುವ ನೀರಿಗೆ 1,000 ಲೀಟರ್‌ಗೆ 2.5 ಗ್ರಾಂ ಪುಡಿ, ಅರ್ಧದಿಂದ ಒಂದು ಗಂಟೆ ಕಾಯುವಿಕೆ ಸಾಕು. ಆದರೂ ಕೆಲವು ದಿನ ಕುಡಿಯುವ ನೀರನ್ನು ಮರಳುವಂತೆ ಕುದಿಸಿಯೇ ಕುಡಿಯಿರಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇದೆಲ್ಲ ಅಸೋಸಿಯೇಷನ್‌ನ ಕೆಲಸ ಎಂದು ಕೈಬಿಡುವಂತಿಲ್ಲ. ಮುಚ್ಚಳ ಯಾರು ನೋಡಬೇಕು, ಮೋಟರ್ ಯಾರು ನಿಲ್ಲಿಸಬೇಕು, ಮರಳುಚೀಲ ಎಲ್ಲಿದೆ ಎಂಬುದನ್ನು ಸೆಪ್ಟೆಂಬರ್‌ನ ಸಭೆಯಲ್ಲೇ ಹೆಸರು ಹಿಡಿದು ಗೊತ್ತುಮಾಡಿ, ಲಿಫ್ಟಿನ ಪಕ್ಕ ಬರೆದು ಅಂಟಿಸಿ. ಪ್ಲಂಬರ್‌ಗೂ ಆಗಲೇ ಹೇಳಿಡಿ. ಮೊದಲ ಜೋರು ಮಳೆ ಬಿದ್ದ ಮೇಲೆ ಅವರು ಕೈಗೆ ಸಿಗುವುದಿಲ್ಲ.