1.7 ಎಂಬುದು ಗೋಡೆಯಲ್ಲ: ಬಂಧದ ಧ್ರುವೀಯತೆ ಗುರುತಿಸುವ ಬಗೆ

ಪಿಯುಸಿ ಉತ್ತರಪತ್ರಿಕೆಗಳಲ್ಲೂ ಸಿಇಟಿ ತಯಾರಿಯ ನೋಟ್ಸ್‌ಗಳಲ್ಲೂ ಒಂದು ತಪ್ಪು ಬೇರುಬಿಟ್ಟಿದೆ. ಎರಡು ಧಾತುಗಳ ವಿದ್ಯುದೃಣತೆಯನ್ನು ಕಳೆ, 1.7 ದಾಟಿದರೆ ಅಯಾನಿಕ, ದಾಟದಿದ್ದರೆ ಸಹವೇಲೆನ್ಸೀಯ, ಮುಂದಿನ ಪ್ರಶ್ನೆಗೆ ನಡೆ. ಕಳೆಯುವುದೇನೋ ಸರಿ, ಎಡವುವುದು ತೀರ್ಪು ಕೊಡುವಾಗ. ಬಂಧದಲ್ಲಿರುವ ಎಲೆಕ್ಟ್ರಾನ್ ಜೋಡಿಯನ್ನು ಪರಮಾಣು ತನ್ನತ್ತ ಎಳೆದುಕೊಳ್ಳುವ ಸಾಮರ್ಥ್ಯವೇ ವಿದ್ಯುದೃಣತೆ. ಲೈನಸ್ ಪಾಲಿಂಗ್ 1932ರಲ್ಲಿ ಇದಕ್ಕೊಂದು ಮಾಪಕ ಕೊಟ್ಟರು. ಅದರ ಇಂದಿನ ಬೆಲೆಗಳಲ್ಲಿ ಫ್ಲೋರಿನ್ 3.98, ಆಕ್ಸಿಜನ್ 3.44, ಕ್ಲೋರಿನ್ 3.16, ಕಾರ್ಬನ್ 2.55, ಹೈಡ್ರೋಜನ್ 2.20, ಸೋಡಿಯಂ 0.93. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ, ದೊಡ್ಡ ಬೆಲೆಯ ಪರಮಾಣುವಿನ ಮೇಲೆ ಡೆಲ್ಟಾ ಮೈನಸ್, ಇನ್ನೊಂದರ ಮೇಲೆ ಡೆಲ್ಟಾ ಪ್ಲಸ್ ಬರೆಯಿರಿ. ವ್ಯತ್ಯಾಸ ಸುಮಾರು 0.4ರೊಳಗಿದ್ದರೆ ಬಂಧವನ್ನು ಅಧ್ರುವೀಯ ಎಂದೇ ಎಣಿಸಬಹುದು. ಕಾರ್ಬನ್–ಹೈಡ್ರೋಜನ್ ಬಂಧದ 0.35 ಈ ಲೆಕ್ಕಕ್ಕೆ ಸೇರುತ್ತದೆ.

ಈಗ ಆ 1.7ರ ವಿಷಯ. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ವ್ಯತ್ಯಾಸ 1.78. ನಿಯಮ ನಂಬಿದರೆ ಅದು ಉಪ್ಪಿನಂಥ ಹರಳಾಗಿರಬೇಕು, ಆದರೆ ಅದು ಸುಮಾರು 19.5 ಡಿಗ್ರಿ ಸೆಲ್ಸಿಯಸ್‌ಗೇ ಕುದಿದುಹೋಗುತ್ತದೆ. ಸಿಲಿಕಾನ್–ಫ್ಲೋರಿನ್ ನಡುವೆ 2.08ರಷ್ಟು ಅಂತರವಿದ್ದರೂ ಸಿಲಿಕಾನ್ ಟೆಟ್ರಾಫ್ಲೋರೈಡ್ ಅನಿಲ. ಬರೀ 1.27 ಅಂತರದ ಸೋಡಿಯಂ ಹೈಡ್ರೈಡ್ ಮಾತ್ರ ಅಯಾನಿಕ ಹರಳು. ಪಾಲಿಂಗ್ ಸೂತ್ರದ ಪ್ರಕಾರ 1.7 ಎಂದರೆ ಬಂಧಕ್ಕೆ ಸರಿಸುಮಾರು ಅರ್ಧದಷ್ಟು ಅಯಾನಿಕ ಗುಣ, ಅಷ್ಟೇ. ಇಳಿಜಾರಿನ ನಡುವೆ ನೆಟ್ಟ ಗೂಟವನ್ನು ಗೋಡೆ ಮಾಡಿಕೊಂಡವರು ನಾವು. ಇಳಿಜಾರು ಎಂಬುದಕ್ಕೆ ಅಳತೆಯ ಸಾಕ್ಷಿಯೂ ಇದೆ. ಹೈಡ್ರೋಜನ್ ಕ್ಲೋರೈಡ್‌ನಲ್ಲಿ ಎಲೆಕ್ಟ್ರಾನ್ ಪೂರ್ತಿಯಾಗಿ ಕ್ಲೋರಿನ್ ಪಾಲಾಗಿದ್ದರೆ ಡೈಪೋಲ್ ಮೊಮೆಂಟ್, ಅಂದರೆ ಆವೇಶ ಎಷ್ಟು ಬೇರ್ಪಟ್ಟಿದೆ ಎಂಬುದರ ಅಳತೆ, ಸುಮಾರು 6.1 ಡಿಬೈ ಇರಬೇಕಿತ್ತು, ಅಳೆದರೆ ಸಿಗುವುದು 1.1. ಆರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು. ಹೈಡ್ರೋಜನ್ ಫ್ಲೋರೈಡ್‌ನಲ್ಲಿ 4.4 ಇರಬೇಕಾದಲ್ಲಿ 1.8, ಅಂದರೆ ಶೇ 41ರಷ್ಟು. ಎಲೆಕ್ಟ್ರಾನ್ ಜೋಡಿ ವಾಲಿದೆ, ಕೈಬಿಟ್ಟು ಹೋಗಿಲ್ಲ.

ಒಂದು ನಿಮಿಷದಲ್ಲಿ ಗುರುತು ಹಾಕಬೇಕಾದ ಪರೀಕ್ಷೆಯಲ್ಲಿ ಇಷ್ಟೆಲ್ಲ ಯೋಚಿಸಲು ಪುರಸೊತ್ತು ಎಲ್ಲಿದೆ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. 1.7 ಅನ್ನು ಎಸೆಯಬೇಕಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಟ್ಟುಕೊಳ್ಳಿ: ಜೋಡಿಯಲ್ಲಿ ಲೋಹ ಇದೆಯೇ? ಎರಡೂ ಅಲೋಹಗಳಾಗಿ ವ್ಯತ್ಯಾಸ 0.4 ದಾಟಿದ್ದರೆ, ಅದು ಎಷ್ಟೇ ದೊಡ್ಡದಿರಲಿ, ಧ್ರುವೀಯ ಸಹವೇಲೆನ್ಸೀಯ ಎಂದು ಬರೆಯುವುದೇ ಕ್ಷೇಮ. ಸೋಡಿಯಂ, ಪೊಟ್ಯಾಸಿಯಂಗಳು ಅಲೋಹದ ಜೊತೆಗಿದ್ದರೆ ಅಯಾನಿಕದ ಕಡೆ ವಾಲಿ. ಬೆರಿಲಿಯಂನಂಥ ಪುಟ್ಟ ಲೋಹ ಇಲ್ಲೂ ಕೈಕೊಡುತ್ತದೆ, ಅದರ ಕ್ಲೋರೈಡ್ ಸಹವೇಲೆನ್ಸೀಯ. ಕೋಷ್ಟಕವನ್ನು ಮಾತ್ರ ಉರುಹೊಡೆಸುವ ಗೈಡ್‌ಗಳು ಈ ಮಾತನ್ನು ಹೇಳುವುದು ಕಡಿಮೆ.

ಕೊನೆಯ ಹೆಜ್ಜೆ ಆಕಾರ. ಬಂಧ ಧ್ರುವೀಯವಾದ ಮಾತ್ರಕ್ಕೆ ಅಣು ಧ್ರುವೀಯವಲ್ಲ. ಕಾರ್ಬನ್ ಡೈಆಕ್ಸೈಡ್ ನೇರ ರೇಖೆಯಲ್ಲಿರುವುದರಿಂದ ಎರಡು ಎಳೆತಗಳೂ ಒಂದನ್ನೊಂದು ರದ್ದುಮಾಡುತ್ತವೆ. ನೀರು 104.5 ಡಿಗ್ರಿ ಕೋನದಲ್ಲಿ ಬಾಗಿರುವುದರಿಂದ 1.85 ಡಿಬೈ ಉಳಿಯುತ್ತದೆ. ನೈಟ್ರೋಜನ್–ಫ್ಲೋರಿನ್ ಅಂತರ 0.94, ನೈಟ್ರೋಜನ್–ಹೈಡ್ರೋಜನ್ ಅಂತರ 0.84. ಆದರೂ ಅಮೋನಿಯಾಕ್ಕೆ 1.47 ಡಿಬೈ, ನೈಟ್ರೋಜನ್ ಟ್ರೈಫ್ಲೋರೈಡ್‌ಗೆ ಬರೀ 0.23. ಅಲ್ಲಿ ನೈಟ್ರೋಜನ್‌ನ ಒಂಟಿ ಜೋಡಿ ಫ್ಲೋರಿನ್‌ಗಳ ಎಳೆತಕ್ಕೆ ವಿರುದ್ಧ ದಿಕ್ಕಿನಲ್ಲಿ ಕೂತಿದೆ.