ಆಂಟೆನಾ ಬದಲಿಸುವ ಮೊದಲು

ತಮ್ಮಾ, ಶಾರ್ಟ್‌ವೇವ್ ಕೇಳುವ ಹುಚ್ಚು ನಿನಗೂ ಹತ್ತಿದೆ ಎಂದು ತಿಳಿದು ಖುಷಿಯಾಯಿತು. ಹಾನಗಲ್ಲಿರಲಿ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿರಲಿ, ಹೊಸಬರ ದೂರು ಒಂದೇ: ಅಗ್ಗದ ಲೂಪ್ ಆಂಟೆನಾ ತಂದು ಕೋಣೆಯಲ್ಲಿ ತೂಗುಹಾಕಿದರೆ ಬರೀ ಗರ್ರ್ ಅನ್ನುತ್ತದೆ. ಅದಕ್ಕೆಂದು ಇನ್ನೊಂದು ಆಂಪ್ಲಿಫೈಯರ್ ಕೊಳ್ಳಬೇಡ. ಅದು ಸ್ಟೇಷನ್ನನ್ನು ಎತ್ತುವಷ್ಟೇ ಗದ್ದಲವನ್ನೂ ಎತ್ತುತ್ತದೆ.

ಮೊದಲು ಗದ್ದಲ ಎಲ್ಲಿಂದ ಬರುತ್ತದೆ ಎಂದು ಹುಡುಕು. ಕರೆಂಟು ಹೋದಾಗ ಎಲ್ಲರೂ ಬೈಯುತ್ತಾ ಕೂತರೆ ನೀನು ಸೆಲ್ ಮೇಲೆ ರೇಡಿಯೋ ಹಚ್ಚು. ಓಣಿಯೆಲ್ಲ ಕತ್ತಲಾದಾಗ 31 ಮೀಟರ್ ಬ್ಯಾಂಡಿನಲ್ಲಿ ಎಷ್ಟು ಸದ್ದು ಉಳಿಯುತ್ತದೋ ಅದನ್ನು ಕಿವಿಯಲ್ಲಿ ಇಟ್ಟುಕೋ. ಕರೆಂಟು ಬಂದ ಮೇಲೆ ನಿಮ್ಮ ಮನೆಯ ಮೇನ್ ಸ್ವಿಚ್ ಒಂದನ್ನೇ ಆರಿಸು, ಇನ್ವರ್ಟರ್ ಇದ್ದರೆ ಅದನ್ನೂ. ಗದ್ದಲ ಸತ್ತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸಾಮಾನು ಹಚ್ಚುತ್ತಾ ಹೋಗು. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇವೇ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ತೆಗೆಯಲಾಗದ ಸಾಮಾನಿದ್ದರೆ ಲೂಪನ್ನೇ ದೂರ ಸರಿಸು. ಹತ್ತಿರದ ಕಾಂತಕ್ಷೇತ್ರ ಬಹಳ ಬೇಗ ಕುಗ್ಗುತ್ತದೆ. ಒಂದು ಮೀಟರಿದ್ದದ್ದು ಎರಡಾದರೆ ಸುಮಾರು ಎಂಟನೇ ಒಂದು ಪಾಲು. ತಗಡಿನ ಮಾಡಿನ ಕೆಳಗೆ ಸಿಗ್ನಲ್ಲೇ ಸರಿಯಾಗಿ ಒಳಗೆ ಬರುವುದಿಲ್ಲ, ಕಿಟಕಿಯ ಬಳಿ ಇಡು. ಲೂಪಿನ ಜೊತೆ ಬಂದ ಆಂಪ್ಲಿಫೈಯರಿಗೆ ಮೊಬೈಲ್ ಚಾರ್ಜರಿನಿಂದ ಕರೆಂಟು ಕೊಡುತ್ತಿದ್ದರೆ ಇವತ್ತೇ ಬಿಡು, ಅದು ಬೇಡುವಷ್ಟು ವೋಲ್ಟಿನ ಬ್ಯಾಟರಿ ಹಾಕು.

ಇನ್ನು ಕೇಬಲ್ಲು. ಹೆಚ್ಚಿನವರು ಇದನ್ನು ಮರೆಯುತ್ತಾರೆ, ನನಗೆ ಕೇಳಿದರೆ ಅರ್ಧ ಗದ್ದಲ ಇಲ್ಲಿಂದಲೇ. ಕೇಬಲ್ಲಿನ ಹೊರಜಾಳಿಗೆಯೇ ಆಂಟೆನಾ ಆಗಿ, ಗೋಡೆಯೊಳಗಿನ ವೈರಿಂಗಿನ ಕೊಳೆಯನ್ನೆಲ್ಲ ರೇಡಿಯೋಗೆ ತಂದು ಸುರಿಯುತ್ತದೆ. ತೆಳುವಾದ ಕೇಬಲ್ಲನ್ನು ಫೆರೈಟ್ ಬಳೆಯೊಳಗೆ ಎಂಟು ಹತ್ತು ಸುತ್ತು ಹಾಯಿಸಿ ಲೂಪಿನ ಬುಡದಲ್ಲಿ ಒಂದು, ರೇಡಿಯೋ ಬಳಿ ಒಂದು ಇಡು. ಸುತ್ತು ಮೂರಾದರೆ ತಡೆ ಮೂರು ಪಟ್ಟಲ್ಲ, ಹೆಚ್ಚುಕಡಿಮೆ ಒಂಬತ್ತು ಪಟ್ಟು. ಗುಜರಿಯಲ್ಲಿ ಹುಡುಕುವಾಗ ಎಚ್ಚರ: ಹಳೇ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಸಿಗುವ ಹಳದಿ-ಬಿಳಿ ಬಣ್ಣದ ಬಳೆ ಕಬ್ಬಿಣದ ಪುಡಿಯದು, ಈ ಕೆಲಸಕ್ಕೆ ಬಾರದು. ಹಳೇ ಮಾನಿಟರ್ ಕೇಬಲ್ಲಿನ ಮೇಲಿರುವ ಕಪ್ಪು ಗಂಟಿನೊಳಗಿನದು ಫೆರೈಟ್.

ಇಷ್ಟಾದ ಮೇಲೆ ಲೂಪನ್ನು ತಿರುಗಿಸುವುದು ಕಲಿ. ಕಲಿಯಲು ಧಾರವಾಡ ಆಕಾಶವಾಣಿಯೇ ಗುರು. ಸಣ್ಣ ರೇಡಿಯೋದಲ್ಲಿ ಮೀಡಿಯಂ ವೇವ್ 765 ಕಿಲೋಹರ್ಟ್ಸ್ ಹಿಡಿದು ನಿಂತಲ್ಲೇ ನಿಧಾನವಾಗಿ ತಿರುಗು. ಒಳಗಿನ ಫೆರೈಟ್ ಕಡ್ಡಿಯ ತುದಿ ಧಾರವಾಡದ ಕಡೆಗೆ ಬಂದಾಗ ಧ್ವನಿ ಕುಸಿಯುತ್ತದೆ. ಲೂಪಿನಲ್ಲೂ ಹೀಗೇ: ಬಳೆಯ ಚಪ್ಪಟೆ ಮುಖ ಯಾವ ಕಡೆಗಿದೆಯೋ ಆ ಕಡೆ ಅದು ಕಿವುಡು. ಆ ಮುಖವನ್ನು ಗದ್ದಲದ ಕಡೆಗೆ ಹಿಡಿ. ದೂರದ ಸ್ಟೇಷನ್ನುಗಳು ಅಯಾನುಗೋಳದಿಂದ ಓರೆಯಾಗಿ ಇಳಿದು ಬರುವುದರಿಂದ ಅವಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಕಾಡುಹಂದಿ ಕಾಟವಿರುವ ಹೊಲದ ಬಳಿ ಮನೆಯಿದ್ದರೆ, ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುವ ಸೋಲಾರ್ ಬೇಲಿಗೂ ಇದೇ ಮದ್ದು. ರೈತನ ಬೆಳೆ ಉಳಿಸುವ ಬೇಲಿ ಅದು. ಅದನ್ನು ಆರಿಸು ಎಂದು ಕೇಳಬೇಡ.

ಕೈಯಿಂದ ಮಾಡುವ ಆಸೆಯಿದ್ದರೆ ಒಂದು ಮೀಟರ್ ಅಗಲದ ಒಂದೇ ಸುತ್ತು ತಾಮ್ರದ ತಂತಿ, ಹಳೇ ರೇಡಿಯೋದ ಗ್ಯಾಂಗ್ ಕಂಡೆನ್ಸರ್, ಒಳಗೆ ಐದನೇ ಒಂದು ಪಾಲಿನ ಸಣ್ಣ ಬಳೆ ಸಾಕು. ಸಣ್ಣ ಬಳೆಯಿಂದ ಕೇಬಲ್ ತೆಗೆ. 49 ಮೀಟರಿನಿಂದ 25 ಮೀಟರಿನವರೆಗೆ ಟ್ಯೂನ್ ಆಗುತ್ತದೆ, ಬ್ಯಾಟರಿಯೂ ಬೇಡ. ಬೇಕಾದ ಜಾಗವನ್ನಷ್ಟೇ ಆರಿಸಿಕೊಳ್ಳುವುದರಿಂದ, ಶಿಗ್ಗಾಂವಿಯಂಥ ಊರಲ್ಲಿ ಧಾರವಾಡದ ದೊಡ್ಡ ಸಿಗ್ನಲ್ಲು ನುಗ್ಗಿ ಬಂದು ಕೆಡಿಸುವುದೂ ತಪ್ಪುತ್ತದೆ. ನಾನಾದರೆ ಇದನ್ನೇ ಮೊದಲು ಮಾಡುತ್ತೇನೆ.

ಮೇನ್ ಸ್ವಿಚ್ ಆರಿಸಿದರೂ ಗದ್ದಲ ನಿಲ್ಲದೆ, ಮಳೆ ಬಿದ್ದಾಗ ಮಾತ್ರ ನಿಂತರೆ, ಕಂಬದ ಮೇಲೆ ಯಾವುದೋ ಕಟ್ಟು ಸಡಿಲಾಗಿ ಕಿಡಿ ಹಾರುತ್ತಿರಬಹುದು. ಕಂಬಕ್ಕೆ ಬಡಿಯಬೇಡ, ಗೈ ತಂತಿ ಜಗ್ಗಬೇಡ. ಕಂಬದ ಜಾಗ ಗುರುತಿಟ್ಟು 1912ಕ್ಕೆ ಕರೆ ಮಾಡಿ ಹೆಸ್ಕಾಂನವರಿಗೆ ಹೇಳು.