ಚಿಪ್‌ಗೆ ಯಾವ ಭಾಷೆ ಗೊತ್ತು?

ಮಕ್ಕಳೇ, ಕಡೂರು ತಾಲ್ಲೂಕಿನ ದೇವನೂರು ಎಂದೊಡನೆ 'ಜೈಮಿನಿ ಭಾರತ' ಬರೆದ ಕವಿ ಲಕ್ಷ್ಮೀಶ ನೆನಪಾಗುತ್ತಾನಲ್ಲವೇ? ಕನ್ನಡದಲ್ಲಿ ಕಾವ್ಯ ಬರೆಯಲು ಆತ ಯಾರಿಗಾದರೂ ಶುಲ್ಕ ಕೊಡಬೇಕಿತ್ತೇ? ಇಲ್ಲ. ಕನ್ನಡ ಎಲ್ಲರದು. ಆದರೆ ಒಡೆಯರಿರುವ ಭಾಷೆಗಳೂ ಇವೆ! ಅವು ಯಂತ್ರಗಳೊಳಗಿನ ಚಿಪ್‌ಗಳ ಭಾಷೆಗಳು.

ಪುಟ್ಟ ಗಣಕ

ಹಾಲಿನ ಡೇರಿಯ ಡಿಜಿಟಲ್ ತಕ್ಕಡಿ, ಮೊಬೈಲ್ ಕರೆಯಿಂದ ಚಾಲೂ ಆಗುವ ಪಂಪ್‌ಸೆಟ್ ಸ್ಟಾರ್ಟರ್ ನೋಡಿದ್ದೀರಾ? ಇಂಥ ಯಂತ್ರಗಳನ್ನು ನಡೆಸುವ ಪುಟ್ಟ ಚಿಪ್ಪೇ ಮೈಕ್ರೋಕಂಟ್ರೋಲರ್. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ತಂತಿಗಳೊಡನೆ ವ್ಯವಹರಿಸುವ ಭಾಗ ಮೂರೂ ಇದರಲ್ಲಿ ಒಟ್ಟಿಗೆ ಇರುತ್ತವೆ.

ಚಿಪ್‌ಗೆ ತಿಳಿಯುವುದು 0 ಮತ್ತು 1 ಮಾತ್ರ. ಇಂಟೆಲ್ ಕಂಪನಿ 1980ರಲ್ಲಿ ಹೊರತಂದ 8051 ಚಿಪ್‌ಗೆ 00000100 ಎಂದರೆ 'ಕೈಯಲ್ಲಿರುವ ಸಂಖ್ಯೆಗೆ ಒಂದು ಕೂಡು' ಎಂದರ್ಥ. ಬೇರೆ ಬಗೆಯ ಚಿಪ್‌ಗೆ ಇದೇ ಅಂಕಿಗಳ ಅರ್ಥ ಬೇರೆ. ಚಿಪ್‌ಗೆ ತಿಳಿಯುವ ಆದೇಶಗಳ ಈ ಪಟ್ಟಿಯೇ ಅದರ ಭಾಷೆ.

ಭಾಷೆಗಳ ಪೈಪೋಟಿ

8051ರ ಅನಂತರ ಹಲವು ಭಾಷೆಗಳು ಬಂದವು. ನಾರ್ವೆಯ ಇಬ್ಬರು ವಿದ್ಯಾರ್ಥಿಗಳ ಯೋಚನೆಯಿಂದ ಎವಿಆರ್ ಹುಟ್ಟಿತು. 2005ರಲ್ಲಿ ಇಟಲಿಯಲ್ಲಿ ಆರಂಭವಾದ ಆರ್ಡುಯಿನೊ ಫಲಕಗಳಿಂದ ಅದು ಶಾಲಾ ಮಕ್ಕಳಿಗೂ ಪರಿಚಯವಾಯಿತು. ಬ್ರಿಟನ್ನಿನ ಆರ್ಮ್ ಕಂಪನಿಯು ತನ್ನ ಭಾಷೆಯನ್ನೂ ವಿನ್ಯಾಸಗಳನ್ನೂ ಶುಲ್ಕ ಪಡೆದು ಇತರ ಕಂಪನಿಗಳಿಗೆ ಕೊಡುತ್ತದೆ. ಅನೇಕ ಕಂಪನಿಗಳು ಒಂದೇ ಭಾಷೆಯ ಚಿಪ್ ಮಾಡಿದ್ದರಿಂದ ಅದು ಬೇಗ ಹರಡಿತು.

ಇದರಿಂದ ನಮಗೇನು? ತಕ್ಕಡಿ ಮಾಡುವವರು ಒಂದು ಭಾಷೆಯ ಚಿಪ್ ನಂಬಿ ಆದೇಶಗಳನ್ನು ಬರೆದಿರುತ್ತಾರೆ. 2021ರಲ್ಲಿ ಆದಂತೆ ಜಗತ್ತಿನಲ್ಲೇ ಚಿಪ್‌ಗಳ ಕೊರತೆಯಾದರೆ? ಬೇರೆ ಭಾಷೆಯ ಚಿಪ್ ಸಿಕ್ಕರೂ ಹಾಗೆಯೇ ಬಳಸುವಂತಿಲ್ಲ. ಆದೇಶಗಳನ್ನು ಹೊಸ ಭಾಷೆಗೆ ಮಾರ್ಪಡಿಸಿ, ಮತ್ತೆ ಪರೀಕ್ಷಿಸಬೇಕು.

ಎಲ್ಲರ ಭಾಷೆ

2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಿಸ್ಕ್-ಫೈವ್ ಎಂಬ ಭಾಷೆ ಹುಟ್ಟಿತು. ಇದನ್ನು ಬಳಸಲು ಶುಲ್ಕವಿಲ್ಲ, ಕನ್ನಡದಂತೆಯೇ! ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಇದೇ ಭಾಷೆಯಲ್ಲಿ 'ತೇಜಸ್ 32' ಎಂಬ ಮೈಕ್ರೋಕಂಟ್ರೋಲರ್ ರೂಪಿಸಿದೆ. 2024ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ 2 ಫಲಕದ ಚಿಪ್‌ನಲ್ಲಂತೂ ಆರ್ಮ್, ರಿಸ್ಕ್-ಫೈವ್ ಎರಡೂ ಇವೆ. ಬೇಕಾದುದನ್ನು ಆರಿಸಿಕೊಳ್ಳಬಹುದು.

ಆದರೆ ಭಾಷೆ ಉಚಿತವಾದ ಮಾತ್ರಕ್ಕೆ ಚಿಪ್ ತಾನಾಗಿ ಹುಟ್ಟುವುದಿಲ್ಲ. ಕನ್ನಡ ಎಲ್ಲರದಾದರೂ ಜೈಮಿನಿ ಭಾರತ ಬರೆಯಲು ಲಕ್ಷ್ಮೀಶನೇ ಬೇಕಾಯಿತು. ಚಿಪ್ ರೂಪಿಸಲೂ ಕಲಿತವರು ಬೇಕು. ನಾಳೆ ಅದು ನೀವೇ ಆಗಬಹುದು.

ಮಾಡಿ ನೋಡಿ

ಇಬ್ಬರು ಗೆಳೆಯರು 'ಚಿಪ್'ಗಳಾಗಲಿ. ಮೊದಲನೆಯವರಿಗೆ 00 ಎಂದರೆ ಒಂದು ಹೆಜ್ಜೆ ಮುಂದೆ, 01 ಹಿಂದೆ, 10 ಎಡಕ್ಕೆ, 11 ಬಲಕ್ಕೆ. ಎರಡನೆಯವರಿಗೆ 00 ಬಲಕ್ಕೆ, 01 ಎಡಕ್ಕೆ, 10 ಮುಂದೆ, 11 ಹಿಂದೆ. ಇಬ್ಬರೂ ಒಂದೇ ಗೆರೆಯ ಮೇಲೆ ನಿಲ್ಲಲಿ. ಈಗ '00, 00, 11' ಎಂದು ಗಟ್ಟಿಯಾಗಿ ಹೇಳಿ. ಇಬ್ಬರೂ ಒಂದೇ ಕಡೆ ಹೋದರೇ? ಎರಡನೆಯವರೂ ಮೊದಲನೆಯವರಂತೆ ನಡೆಯಬೇಕಾದರೆ ಯಾವ ಅಂಕಿಗಳನ್ನು ಹೇಳಬೇಕು? ಯೋಚಿಸಿ ಬರೆಯಿರಿ.